ಈಜುಕೊಳ ಬೇಕು, ಒಲಿಂಪಿಕ್ ಗಾತ್ರದ್ದಲ್ಲ

ಕೆಲವು ತಿಂಗಳುಗಳಿಂದ ನನ್ನ ಭಾನುವಾರದ ಬೆಳಗುಗಳು ಅನ್ಯರ ಮನೆಯ ಗೇಟಿನ ಮುಂದೆ ಕಳೆಯುತ್ತಿವೆ. ಕೈಯಲ್ಲೊಂದು ಸಹಿ ಪುಸ್ತಕ, ಜೊತೆಯಲ್ಲಿ ಬಡಾವಣೆಯ ಮೂರ್ನಾಲ್ಕು ಮಂದಿ ಸಮಾನಮನಸ್ಕರು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಸುಮಾರು ಅರ್ಧ ಎಕರೆಯ ಸಿ.ಎ. ನಿವೇಶನವೊಂದು ಇಪ್ಪತ್ತು ವರ್ಷಗಳಿಂದ ಖಾಲಿ ಬಿದ್ದಿದೆ. ಖಾಲಿ ಎಂದರೆ ಪೂರ್ತಿ ಖಾಲಿಯೇನಲ್ಲ. ಆಳೆತ್ತರದ ಕಾಂಗ್ರೆಸ್ ಗಿಡ, ಕೆಡವಿದ ಮನೆಗಳ ಇಟ್ಟಿಗೆ ಚೂರು, ಗಣಪತಿ ಹಬ್ಬದ ಪೆಂಡಾಲಿನ ಗಳುಗಳು ಅಲ್ಲಿ ವಾಸವಾಗಿವೆ. ಆ ಜಾಗದಲ್ಲಿ ಒಂದು ಸಾರ್ವಜನಿಕ ಈಜುಕೊಳ ಆಗಬೇಕೆಂಬುದು ನಮ್ಮ ಬೇಡಿಕೆ.

ಗೇಟಿನಾಚೆಯಿಂದ ಬರುವ ಉತ್ತರಗಳು ಈಗ ಬಾಯಿಪಾಠವಾಗಿವೆ. 'ಮೊದಲು ಚರಂಡಿ ಸರಿ ಮಾಡಿಸಿ' ಎನ್ನುವವರಿದ್ದಾರೆ. 'ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದೆಯಲ್ಲ' ಎಂದು ನಗುವವರಿದ್ದಾರೆ. 'ಬೇರೆ ಬೇರೆ ಜನ ಬಂದು ಸೇರುತ್ತಾರೆ' ಎಂದು ದನಿ ತಗ್ಗಿಸಿ ಹೇಳುವವರೂ ಇದ್ದಾರೆ. ಈ ಮೂರನೆಯ ಉತ್ತರದ ಬಗ್ಗೆ ಆಮೇಲೆ ಬರೆಯುತ್ತೇನೆ. ನಿವೃತ್ತ ಅಧ್ಯಾಪಕನಾದ ನನಗೆ ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಬೇಕಾಗಿತ್ತು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ತರಕಾರಿ ತರುವವರೊಬ್ಬರಿದ್ದಾರೆ. ಅವರ ಮಗ ಒಂಬತ್ತನೆಯ ತರಗತಿಯಲ್ಲಿದ್ದ. ಬೇಸಗೆ ರಜೆಯ ಒಂದು ಮಧ್ಯಾಹ್ನ ಗೆಳೆಯರೊಂದಿಗೆ ಊರಾಚೆಯ ಕಲ್ಲುಕ್ವಾರಿಯ ಹೊಂಡಕ್ಕೆ ಹೋದ. ಕಾಲು ತೊಳೆಯಲು ಇಳಿದ ಗೆಳೆಯ ಜಾರಿದ. ಹಿಡಿಯಲು ಹೋದ ಇವನೂ ಹೋದ. ಮರುದಿನದ ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ಸಮಾಧಾನ ಹೇಳಲೆಂದು ಅವರ ಮನೆಗೆ ಹೋದಾಗ ಆ ತಂದೆ ಅಳಲಿಲ್ಲ. 'ನನಗೆ ಚೆನ್ನಾಗಿ ಈಜು ಬರುತ್ತೆ ಸಾರ್. ಊರಲ್ಲಿ ನಮ್ಮಪ್ಪ ಬಾವಿಗೆ ಎಸೆದೇ ಕಲಿಸಿದ್ದ. ಇವನಿಗೆ ಕಲಿಸೋಣ ಅಂದ್ರೆ ಇಲ್ಲಿ ನೀರೆಲ್ಲಿತ್ತು?' ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ತುಮಕೂರು ಕಡೆಯ ಹಳ್ಳಿಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನೇ. ನನ್ನ ಇಬ್ಬರು ಮಕ್ಕಳಿಗೂ ಈಜು ಬರುವುದಿಲ್ಲ. ಅವರಿಗೆ ಕಂಪ್ಯೂಟರ್ ಕಲಿಸಿದೆ, ಸಂಗೀತದ ಪಾಠಕ್ಕೆ ಕಳುಹಿಸಿದೆ, ಐಐಟಿ ಪ್ರವೇಶ ಪರೀಕ್ಷೆಗೆ ಕೂರಿಸಿದೆ. ಅಪ್ಪನಿಂದ ಮಗನಿಗೆ ಸದ್ದಿಲ್ಲದೆ ದಾಟುತ್ತ ಬಂದಿದ್ದ ಒಂದು ವಿದ್ಯೆ ನನ್ನ ತಲೆಮಾರಿನಲ್ಲಿ ಕಡಿದುಹೋದದ್ದು ಗಮನಕ್ಕೇ ಬರಲಿಲ್ಲ.

ಬೆಂಗಳೂರು ನೀರಿಲ್ಲದ ಊರಾಗಿರಲಿಲ್ಲ. ಇಂದು ಮೆಜೆಸ್ಟಿಕ್‌ನ ಬಸ್ಸು ನಿಲ್ದಾಣವಿರುವಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆಗೆಂದು ಉಳಿಸಿಕೊಂಡ ಚಿಕ್ಕದೊಂದು ಹೊಂಡವಷ್ಟೇ ಈಗ ಅದರ ಗುರುತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಕ್ರೀಡಾಂಗಣ ಎದ್ದಿತು, ಶೂಲೆ ಕೆರೆಯ ಮೇಲೆ ಫುಟ್‌ಬಾಲ್ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯ ಮೇಲೆ ಗಾಲ್ಫ್ ಮೈದಾನ. ನೀರನ್ನು ಮುಚ್ಚಿ ಆಟದ ಬಯಲು ಕಟ್ಟಿದ ನಗರ ನಮ್ಮದು. ಉಳಿದ ಕೆರೆಗಳಿಗೆ ತಂತಿಬೇಲಿ, ಸುತ್ತ ನಡಿಗೆಪಥ, 'ನೀರಿಗೆ ಇಳಿಯಬಾರದು' ಎಂಬ ಫಲಕ. ಆ ಫಲಕವನ್ನು ನಾನು ದೂರುವುದಿಲ್ಲ. ಒಳಚರಂಡಿಯ ನೀರು ಸೇರಿದ ಕೆರೆಗೆ ಯಾರಾದರೂ ಏಕೆ ಇಳಿಯಬೇಕು?

ಹಾಗೆಂದು ಹಳ್ಳಿಯ ಬಾವಿಯನ್ನು ನೆನೆದು ಕಣ್ಣೀರಿಡುವುದೂ ಪ್ರಾಮಾಣಿಕವಲ್ಲ. ನಾನು ಈಜು ಕಲಿತ ಬಾವಿಗೆ ನಮ್ಮೂರಿನ ದಲಿತ ಕೇರಿಯ ಹುಡುಗರು ಇಳಿಯುವಂತಿರಲಿಲ್ಲ. ಇದು ಅಂದು ನನಗೆ ವಿಚಿತ್ರವೆನಿಸಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. 1927ರ ಮಾರ್ಚ್‌ನಲ್ಲಿ ಮಹಾಡದ ಚೌಡಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಮುಟ್ಟಿ ಕುಡಿಯಲು ಅಂಬೇಡ್ಕರ್ ಅವರು ಸತ್ಯಾಗ್ರಹ ನಡೆಸಬೇಕಾಗಿ ಬಂದ ದೇಶವಿದು. ಇನ್ನು ನಮ್ಮ ಬಾವಿಕಟ್ಟೆಯಲ್ಲಿ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರೇ ಹೊರತು ಈಜುತ್ತಿರಲಿಲ್ಲ. ನನ್ನ ಅಕ್ಕ ಎಪ್ಪತ್ತು ದಾಟಿದ್ದಾಳೆ. ಸೊಂಟಮಟ್ಟದ ನೀರು ಕಂಡರೆ ಇಂದಿಗೂ ಹಿಂದೆ ಸರಿಯುತ್ತಾಳೆ. ಹೀಗಾಗಿ ಕಳೆದುಹೋದದ್ದನ್ನು ಮರಳಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಎಲ್ಲರಿಗೂ ತೆರೆದ ನೀರು ನಮ್ಮಲ್ಲಿ ಹಿಂದೆಯೂ ಇರಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಅಧಿಕ. ಅಂದರೆ ದಿನಕ್ಕೆ ನೂರಕ್ಕಿಂತ ಹೆಚ್ಚು. ರೈಲು ಅಪಘಾತದಲ್ಲಿ ಒಂದೇ ದಿನ ನೂರು ಮಂದಿ ಸತ್ತರೆ ಮಂತ್ರಿಗಳ ರಾಜೀನಾಮೆ ಕೇಳುತ್ತೇವೆ. ಇವರು ಕೆರೆ, ಕಾಲುವೆ, ಕ್ವಾರಿ, ಕೃಷಿಹೊಂಡಗಳಲ್ಲಿ ಒಬ್ಬಿಬ್ಬರಾಗಿ ಚದುರಿ ಸಾಯುವುದರಿಂದ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ನಗರದ ಮಕ್ಕಳಿಗೆ ಇದರ ಬಾಧೆಯಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ರಜೆಗೆ ಅಜ್ಜಿಯ ಊರಿಗೆ ಹೋಗುವವರು ಅವರೇ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಬಯಲುಸೀಮೆಯ ರೈತರಿಗೆ ಉಪಕಾರ ಮಾಡಿದ್ದು ನಿಜ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ದೊಡ್ಡವರಿಗೂ ಹಿಡಿತ ಸಿಗುವುದಿಲ್ಲ. ರಜೆಗೆ ಬಂದ ಪೇಟೆಯ ಹುಡುಗನಿಗೆ ಅದು ಎಲ್ಲಿಂದ ಗೊತ್ತಾಗಬೇಕು?

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದುದನ್ನು ಓದುಗರು ಮರೆತಿರಲಾರರು. ಕೋಲಾರ ಜಿಲ್ಲೆಯ ಮಕ್ಕಳು, ನದಿಯಿಲ್ಲದ ನಾಡಿನವರು. ಈಜು ಕಲಿತಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಕಡಲಿನ ಸೆಳೆತದ ಮುಂದೆ ನುರಿತ ಈಜುಗಾರರೂ ಸೋಲುವುದುಂಟು. ಕೊಳದ ನಾಲ್ಕಡಿ ನೀರಿನಲ್ಲಿ ಕಲಿತದ್ದು ಅಲೆಯ ನಡುವೆ ಸಾಲದು. ಆದರೆ ಈಜಿನ ಪಾಠವೆಂದರೆ ಕೈಕಾಲು ಬಡಿಯುವುದಷ್ಟೇ ಅಲ್ಲ. ಎಲ್ಲಿ ಇಳಿಯಬಾರದು, ಬಿದ್ದರೆ ಗಾಬರಿಯಾಗದೆ ಬೆನ್ನ ಮೇಲೆ ತೇಲುವುದು ಹೇಗೆ, ಮುಳುಗುವವನನ್ನು ಕಂಡರೆ ತಾನು ಹಾರದೆ ಹಗ್ಗವನ್ನೋ ಗಳುವನ್ನೋ ಎಸೆಯುವುದು ಹೇಗೆ – ಇವೂ ಆ ಪಾಠದ ಭಾಗವೇ. ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ನಮ್ಮ ತರಕಾರಿಯವರ ಮಗನಿಗೆ ಅದೊಂದು ವಿಷಯ ತಿಳಿದಿದ್ದರೆ ಸಾಕಾಗಿತ್ತು.

ಇದು ಶ್ರೀಮಂತ ದೇಶಗಳಿಗೆ ಮಾತ್ರ ಸಾಧ್ಯವಾಗುವ ಮಾತು ಎನ್ನುವವರು ಬಾಂಗ್ಲಾದೇಶದತ್ತ ನೋಡಬೇಕು. ಅಲ್ಲಿನ ಗ್ರಾಮೀಣ ಪ್ರದೇಶಗಳಲ್ಲಿ ಊರ ಕೊಳಗಳಿಗೇ ಬಿದಿರಿನ ಅಟ್ಟಣೆ ಮತ್ತು ಕಟಕಟೆ ಕಟ್ಟಿ, ನೀರಿನ ಆಳವನ್ನು ಮಕ್ಕಳ ಎದೆಮಟ್ಟಕ್ಕೆ ಮಿತಗೊಳಿಸಿ, ಸ್ಥಳೀಯ ಯುವಕ ಯುವತಿಯರನ್ನೇ ತರಬೇತುಗೊಳಿಸಿ ಈಜು ಕಲಿಸಿದರು. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳು. ಗುರಿಯೂ ಸರಳ: ಇಪ್ಪತ್ತೈದು ಮೀಟರ್ ಈಜಬೇಕು, ಅರ್ಧ ನಿಮಿಷ ತೇಲಬೇಕು, ದಡದಿಂದಲೇ ಇನ್ನೊಬ್ಬರಿಗೆ ನೆರವಾಗಲು ಬರಬೇಕು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 90ಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ಜಲಸುರಕ್ಷತೆಯನ್ನು ಕಲಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದು ಸಾವು ತಡೆಯುವ ಕ್ರಮಗಳ ಪಟ್ಟಿಯಲ್ಲಿ ಸೇರಿಸಿದೆ. 2021ರಲ್ಲಿ ಈ ಕುರಿತ ನಿರ್ಣಯವನ್ನು ವಿಶ್ವಸಂಸ್ಥೆಯಲ್ಲಿ ಐರ್ಲೆಂಡಿನ ಜೊತೆ ಮುಂದಿಟ್ಟದ್ದೂ ಬಾಂಗ್ಲಾದೇಶವೇ. ಜುಲೈ 25 ಅಂತರರಾಷ್ಟ್ರೀಯ ದಿನವೆಂದು ಘೋಷಣೆಯಾದದ್ದು ಹಾಗೆ. ನಮ್ಮಲ್ಲಿ ಆ ದಿನ ಬಂದು ಹೋದದ್ದು ಎಷ್ಟು ಜನರಿಗೆ ತಿಳಿಯುತ್ತದೆಯೋ!

ಇಷ್ಟೆಲ್ಲ ಹೇಳಿದ ಮೇಲೆ ನಮ್ಮವರೊಂದಿಗೇ ನನಗಿರುವ ಜಗಳದ ವಿಷಯಕ್ಕೆ ಬರುತ್ತೇನೆ. ಬಡಾವಣೆಯ ಸಭೆಯಲ್ಲಿ ಈಜುಕೊಳದ ಮಾತು ಎತ್ತಿದಾಕ್ಷಣ ಉತ್ಸಾಹಿಗಳೊಬ್ಬರು ಎದ್ದುನಿಂತು 'ಮಾಡಿದರೆ ಒಲಿಂಪಿಕ್ ಗಾತ್ರದ್ದನ್ನೇ ಮಾಡಬೇಕು' ಎಂದರು. ಚಪ್ಪಾಳೆ ಬಿತ್ತು. ಐವತ್ತು ಮೀಟರ್ ಉದ್ದ, ಹತ್ತು ಪಥ, ವೀಕ್ಷಕರ ಗ್ಯಾಲರಿ, ಎಲೆಕ್ಟ್ರಾನಿಕ್ ಫಲಕ. ಅಂಥದ್ದು ಬೇಡವೆಂದು ನಾನು ಎದ್ದು ನಿಂತಾಗ ನನ್ನನ್ನು ಪ್ರಗತಿವಿರೋಧಿಯಂತೆ ನೋಡಿದರು.

ಬೆಂಗಳೂರಿಗೆ ಸ್ಪರ್ಧಾ ಈಜಿನ ದೊಡ್ಡ ಪರಂಪರೆಯಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಶಿಖಾ ಟಂಡನ್ ಹೋದದ್ದು ಇಲ್ಲಿಂದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಈಜಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಇಬ್ಬರೂ, ಶ್ರೀಹರಿ ನಟರಾಜ್ ಹಾಗೂ ಆಗಿನ್ನೂ ಹದಿನಾಲ್ಕರ ಬಾಲೆ ಧಿನಿಧಿ ದೇಸಿಂಗು, ಬೆಂಗಳೂರಿನವರೇ. ಅವರಿಗೆ ಬೇಕಾದ ಕೊಳಗಳು ಬಸವನಗುಡಿಯಂಥ ಕಡೆಗಳಲ್ಲಿವೆ; ಇನ್ನಷ್ಟು ಬರಲಿ. ಮಂಗಳೂರಿನ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಅಂತರರಾಷ್ಟ್ರೀಯ ಗುಣಮಟ್ಟದ ಕೊಳ 2023ರಲ್ಲಿ ಉದ್ಘಾಟನೆಯಾದದ್ದೂ ಸಂತೋಷವೇ. ಆದರೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವುದರಿಂದ ಪಾರಾದವರು. ಮಗಳ ನೀರಿನ ಭಯ ಬಿಡಿಸಲೆಂದು ತಂದೆ ಅವರನ್ನು ಚೆನ್ನೈನ ಒಂದು ಕ್ಲಬ್ಬಿನ ಕೊಳಕ್ಕೆ ಇಳಿಸಿದರು. ಪದಕಗಳ ಕತೆ ಶುರುವಾದದ್ದು ಅಲ್ಲಿಂದ.

ನಮ್ಮ ಬಡಾವಣೆಗೆ ಬೇಕಾಗಿರುವುದು ಇಪ್ಪತ್ತೈದು ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲದ ಕೊಳ. ಒಂದು ಕಡೆ ಮೂರಡಿ, ಇನ್ನೊಂದು ಕಡೆ ಐದಡಿ ಆಳ. ಇಳಿಯಲು ಏಣಿಯ ಬದಲು ಅಗಲವಾದ ಮೆಟ್ಟಿಲು, ಒಂದು ಇಳಿಜಾರು ದಾರಿ. ಮಂಡಿನೋವಿನ ಹಿರಿಯರಿಗೂ, ಗಾಲಿಕುರ್ಚಿಯಲ್ಲಿ ಬರುವವರಿಗೂ ಅದು ಬೇಕು. ಹೆಂಗಸರಿಗೆ ಮೀಸಲಾದ ಹೊತ್ತು, ಮಹಿಳಾ ತರಬೇತುದಾರರು, ಬಾಗಿಲು ಭದ್ರವಾಗಿರುವ ಬಟ್ಟೆ ಬದಲಿಸುವ ಕೋಣೆ. ಇಂಥ ಕೊಳದಲ್ಲಿ ಯಾವ ದಾಖಲೆಯೂ ಸ್ಥಾಪನೆಯಾಗುವುದಿಲ್ಲ.

ಒಂದು ಲೆಕ್ಕ ಹಾಕಿದ್ದೇನೆ. ಹಣ ಕೊಟ್ಟು ಈಜಲು ಬರುವವರು ಮುಂಜಾನೆ ಮತ್ತು ಸಂಜೆ ಬರುತ್ತಾರೆ. ಹತ್ತರಿಂದ ನಾಲ್ಕರವರೆಗೆ ಕೊಳ ಸುಮ್ಮನೆ ಮಲಗಿರುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಸರ್ಕಾರಿ ಶಾಲೆಗಳಿಂದ ತಲಾ ಇಪ್ಪತ್ತು ಮಕ್ಕಳ ನಾಲ್ಕು ತಂಡಗಳು ಬಂದರೆ ದಿನಕ್ಕೆ ಎಂಬತ್ತು ಮಕ್ಕಳಾದರು. ಮೂರು ವಾರ, ಅಂದರೆ ಹದಿನೈದು ಪಾಠ, ಒಂದು ಸುತ್ತಿಗೆ ಸಾಕೆಂದುಕೊಳ್ಳೋಣ. ಶಾಲಾ ವರ್ಷದಲ್ಲಿ ಹನ್ನೆರಡು ಸುತ್ತು ಸಿಕ್ಕರೂ 960 ಮಕ್ಕಳು ಕಲಿತಂತಾಯಿತು. ಹತ್ತು ವರ್ಷಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು. ಅರ್ಧ ಎಕರೆಯ ಕಾಂಗ್ರೆಸ್ ಗಿಡದ ಜಾಗದಿಂದ ಇನ್ನೇನು ನಿರೀಕ್ಷಿಸಬಹುದು?

ಮನವಿ ಪತ್ರ ಹಿಡಿದು ಒಂದು ಕಚೇರಿಗೆ ಹೋಗಿದ್ದೆವು. ಯಾವ ಕಚೇರಿ ಎನ್ನುವುದು ಬೇಡ. ಅಲ್ಲಿನ ಅಧಿಕಾರಿ ಸಜ್ಜನರು, ಕೂರಿಸಿ ಕಾಫಿ ತರಿಸಿದರು. ಆಮೇಲೆ 'ಕುಡಿಯೋಕೇ ನೀರಿಲ್ಲ, ನೀವು ಈಜೋಕೆ ಕೇಳ್ತಿದ್ದೀರಿ' ಎಂದರು. ಇದು ತಳ್ಳಿಹಾಕುವ ಮಾತಲ್ಲ. ಸುಮಾರು ನೂರು ಕಿ.ಮೀ. ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆತ್ತಿ ತಂದ ಕಾವೇರಿ ನೀರನ್ನು ಕುಡಿಯುವ ಊರು ನಮ್ಮದು. 2024ರ ಮಾರ್ಚ್‌ನ ಬರಗಾಲದಲ್ಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ, ಮೀರಿದವರಿಗೆ ಐದು ಸಾವಿರ ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. ಆ ಆದೇಶ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಅಂಥ ಬೇಸಗೆ ಮತ್ತೆ ಬಂದರೆ ನಮ್ಮ ಕೊಳವೂ ಮುಚ್ಚಬೇಕು.

ಆದರೂ ಲೆಕ್ಕ ನೋಡೋಣ. ನಾನು ಹೇಳಿದ ಕೊಳದ ಸರಾಸರಿ ಆಳ ನಾಲ್ಕಡಿ ಎಂದರೆ ಹಿಡಿಸುವ ನೀರು ಸುಮಾರು ಮೂರೂಮುಕ್ಕಾಲು ಲಕ್ಷ ಲೀಟರ್. ದೊಡ್ಡ ಟ್ಯಾಂಕರುಗಳಲ್ಲಿ ಮೂವತ್ತೊಂದು. ಇದನ್ನು ದಿನವೂ ತುಂಬುವುದಿಲ್ಲ. ತುಂಬಿದ ನೀರನ್ನೇ ಸೋಸಿ, ಕ್ಲೋರಿನ್ ಬೆರೆಸಿ ತಿರುಗಿಸುತ್ತಾರೆ. ಬೇಸಗೆಯಲ್ಲಿ ದಿನಕ್ಕೆ ಐದು ಮಿ.ಮೀ. ಆವಿಯಾದರೂ ಹೋಗುವುದು ಸುಮಾರು ಸಾವಿರದೈನೂರು ಲೀಟರ್. ಸೋಸುಯಂತ್ರ ತೊಳೆಯಲು, ಈಜುವವರು ಮೈ ತೊಳೆಯಲು ಇದಕ್ಕಿಂತ ಹೆಚ್ಚು ಬೇಕು. ಆ ನೀರು ಮರಗಿಡಗಳಿಗೆ ಹೋಗಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಒಂಬೈನೂರು ಮಿ.ಮೀ.ಗೂ ಅಧಿಕ ಮಳೆ ಬೀಳುತ್ತದೆ. ಕೊಳದ ಕಟ್ಟಡಕ್ಕೂ ಪಕ್ಕದ ಸಮುದಾಯ ಭವನಕ್ಕೂ ಸೇರಿ ಐನೂರು ಚದರ ಮೀಟರ್ ಚಾವಣಿಯಿದ್ದರೆ, ಸೋರಿಕೆ ಕಳೆದು ವರ್ಷಕ್ಕೆ ಒಮ್ಮೆ ಕೊಳ ತುಂಬುವಷ್ಟು ಮಳೆನೀರು ಸಿಗುತ್ತದೆ. ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿರುವ ನಗರದಲ್ಲಿ ಇದೇನೂ ಅಸಾಧ್ಯದ ಮಾತಲ್ಲ.

ಅಂದಹಾಗೆ ಈ ನೀರಿನ ಪ್ರಶ್ನೆಯನ್ನು ಅಪಾರ್ಟ್‌ಮೆಂಟುಗಳಿಗೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ, ಬರಗಾಲದ ಆ ಕೆಲವು ವಾರಗಳನ್ನು ಬಿಟ್ಟರೆ. ನಮ್ಮ ಸುತ್ತಲಿನ ಯಾವುದಾದರೂ ಹದಿನೈದನೆಯ ಮಹಡಿಯಿಂದ ಕೆಳಗೆ ನೋಡಿ. ಗೋಡೆಗಳ ನಡುವೆ ಅಲ್ಲಲ್ಲಿ ನೀಲಿ ಬಿಲ್ಲೆಗಳಂತೆ ಕೊಳಗಳು ಕಾಣುತ್ತವೆ. ವಾರದ ದಿನಗಳಲ್ಲಿ ಬಹುಪಾಲು ನಿರ್ಜನ. ಬೆಂಗಳೂರಿಗೆ ಈಜುಕೊಳದ ಕೊರತೆಯಿಲ್ಲ, ಗೋಡೆಯಿಲ್ಲದ ಈಜುಕೊಳದ ಕೊರತೆಯಿದೆ.

ಕಟ್ಟಿಸುವುದು ಸುಲಭ, ಶಂಕುಸ್ಥಾಪನೆಗೆ ಎಲ್ಲರೂ ಬರುತ್ತಾರೆ. ಕಷ್ಟವಿರುವುದು ಮೂರನೆಯ ವರ್ಷದಲ್ಲಿ. ಪಂಪು ಕೆಡುತ್ತದೆ, ನೀರು ಹಸಿರಾಗುತ್ತದೆ, ಜೀವರಕ್ಷಕನಿಗೆ ಸಂಬಳ ನಿಲ್ಲುತ್ತದೆ, 'ದುರಸ್ತಿಯಲ್ಲಿದೆ' ಎಂಬ ಹಲಗೆ ಬೀಳುತ್ತದೆ. ಇಲ್ಲವೇ ಗುತ್ತಿಗೆಗೆ ಕೊಟ್ಟು, ಗುತ್ತಿಗೆದಾರ ಹಾಕಿದ ಬಂಡವಾಳ ತೆಗೆಯಲು ಶುಲ್ಕ ಏರಿಸಿ, ಸಾರ್ವಜನಿಕ ಕೊಳ ಹೆಸರಿಗಷ್ಟೇ ಸಾರ್ವಜನಿಕವಾಗುತ್ತದೆ. ಗುತ್ತಿಗೆಯನ್ನೇ ನಾನು ವಿರೋಧಿಸುವುದಿಲ್ಲ. ಪಂಪು ನಡೆಸಲು ತಿಳಿದವರು ಬೇಕು. ಹಗಲಿನ ಆರು ಗಂಟೆ ಶಾಲಾ ಮಕ್ಕಳಿಗೆ ಉಚಿತ, ನೀರಿನಲ್ಲಿ ಮಕ್ಕಳಿರುವಷ್ಟು ಹೊತ್ತು ತರಬೇತಾದ ಜೀವರಕ್ಷಕ ದಡದಲ್ಲಿರಬೇಕು, ನೀರಿನ ಪರೀಕ್ಷೆಯ ಫಲಿತಾಂಶವನ್ನು ದಿನವೂ ಬಾಗಿಲಲ್ಲಿ ಬರೆಯಬೇಕು ಎಂಬುದು ಟೆಂಡರಿನಲ್ಲೇ ಇರಲಿ. ಆಮೇಲೆ ಸೇರಿಸಿದರಾಯಿತು ಎಂದು ಬಿಟ್ಟದ್ದು ಎಂದೂ ಸೇರುವುದಿಲ್ಲ.

ಆರಂಭದಲ್ಲಿ ಹೇಳಿದ ಮೂರನೆಯ ಉತ್ತರಕ್ಕೆ ಮರಳುತ್ತೇನೆ. 'ಬೇರೆ ಬೇರೆ ಜನ ಬಂದು ಸೇರುತ್ತಾರೆ' ಎಂದವರು ಕೆಟ್ಟವರಲ್ಲ. ಅವರ ಮಗಳು ಅಮೆರಿಕದ ಊರೊಂದರ ಮುನಿಸಿಪಲ್ ಕೊಳದಲ್ಲಿ ಎಲ್ಲರೊಂದಿಗೆ ಈಜುವುದನ್ನು ಹೆಮ್ಮೆಯಿಂದ ಹೇಳಿದರು. ಸಹಿ ಹಾಕಲಿಲ್ಲ. ಅದೇ ಬೆಳಿಗ್ಗೆ, ಆ ಮನೆಯ ಮುಂದಿನ ಅಂಗಳ ತೊಳೆಯುತ್ತಿದ್ದ ಹೆಂಗಸು ನಾವು ಹೊರಟಾಗ ಹಿಂದೆಯೇ ಗೇಟಿನವರೆಗೆ ಬಂದರು. ಪುಸ್ತಕದಲ್ಲಿ ಏನು ಬರೆಸಿಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಹೇಳಿದೆವು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಸರ್ಕಾರಿ ಶಾಲೆಯಲ್ಲಿ ಆರು ಮತ್ತು ಎಂಟನೆಯ ತರಗತಿ.

'ನಮ್ಮ ಹುಡುಗೀರನ್ನ ಒಳಗೆ ಬಿಡ್ತಾರಾ ಸಾರ್?' ಎಂದು ಕೇಳಿದರು. ಬಿಡುತ್ತಾರೆ ಎಂದೆ. 'ಬಿಡ್ತಾರೆ ಅಂತ ಅದರಲ್ಲಿ ಬರೆದಿದೆಯಾ?' ಎಂದರು.

ಬರೆದಿರಲಿಲ್ಲ. 'ಸಾರ್ವಜನಿಕ' ಎಂದಷ್ಟೇ ಇತ್ತು. ಮನೆಗೆ ಬಂದು ಮನವಿಯ ಎರಡನೆಯ ಪುಟಕ್ಕೆ ಒಂದು ಸಾಲು ಸೇರಿಸಿ, ಹೊಸದಾಗಿ ಪ್ರತಿ ತೆಗೆಸಿದೆವು. ಮೊದಲು ಸಹಿ ಹಾಕಿದವರ ಬಳಿಗೆಲ್ಲ ಈಗ ಮತ್ತೊಮ್ಮೆ ಹೋಗಬೇಕಾಗಿದೆ.